ಬೆಳೆದ ಊರಿಗೆ ಮೊದಲ ಪಾಲು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವು ಪರೀಕ್ಷೆಯ ಫಲಿತಾಂಶಗಳನ್ನೂ ಹೊಸ ಕಟ್ಟಡಗಳನ್ನೂ ಕುರಿತಿರುವುದು ವಾಡಿಕೆ. ಆ ಸಂಗತಿಗಳು ವರದಿಯಲ್ಲಿ ಬೇರೆಯಾಗಿ ಅಚ್ಚಾಗಿರುವುದರಿಂದ ಅವುಗಳನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಮಕ್ಕಳ ಹೆತ್ತವರ ಮುಂದೆಯೂ ಇಡಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿದ್ದ ವಿಷಯವೊಂದುಂಟು. ಅದು ಯಾವುದೆಂದರೆ, ನಮ್ಮ ಹಳ್ಳಿಗಳ ಬಡವರ ಊಟದ ತಟ್ಟೆಗೆ ಹಸಿಯಾದ ಸೊಪ್ಪು, ತರಕಾರಿ, ಹಣ್ಣುಗಳು ಅವರಿಗೆ ನಿಲುಕುವ ಬೆಲೆಯಲ್ಲಿ ಬರುವ ಬಗೆ ಹೇಗೆಂಬುದು. ಇದು ಅಡಿಗೆಮನೆಯ ಮಾತಲ್ಲವೇ, ಶಾಲೆಗೆ ಇದರ ಗೊಡವೆ ಏಕೆಂದು ಕೆಲವರು ಕೇಳಿಯಾರು. ಬೆಳಗಿನ ಎರಡನೆಯ ಪಾಠದ ಹೊತ್ತಿಗೇ ತಲೆ ಸುತ್ತಿ ಮೇಜಿನ ಮೇಲೆ ಒರಗುವ ಹುಡುಗಿಗೆ ಬೀಜಗಣಿತವನ್ನು ಎಷ್ಟು ಚೆನ್ನಾಗಿ ಬೋಧಿಸಿದರೂ ಹತ್ತದೆಂಬುದನ್ನು ಇಷ್ಟು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಕಂಡಿರುವ ನಾವು, ಈ ಪ್ರಶ್ನೆಯು ಶಾಲೆಯ ಪ್ರಾಕಾರದ ಹೊರಗಿನದೆಂದು ಎಣಿಸಲಾರೆವು.

ನಾವು ವಾಸಿಸುವ ಈ ಪೂರ್ವದ ಬಯಲುಸೀಮೆಯು ತರಕಾರಿಗೆ ಹೆಸರಾದುದು. ಕೋಲಾರದ ಕೃಷಿ ಮಾರುಕಟ್ಟೆಯು ಟೊಮಾಟೋ ವ್ಯಾಪಾರದಲ್ಲಿ ಇಡೀ ದೇಶದಲ್ಲೇ ಎಣಿಕೆಗೆ ಬರುವಂಥದು. ಚಿಕ್ಕಬಳ್ಳಾಪುರ, ಮಾಲೂರು, ಹೊಸಕೋಟೆಗಳ ಕಡೆಯಿಂದ ಕೋಸು, ಹುರುಳಿಕಾಯಿ, ಕ್ಯಾರೆಟ್ಟು, ಕೊತ್ತಂಬರಿ, ಮೆಂತ್ಯಗಳು ರಾತ್ರಿಯೆಲ್ಲ ಬೆಂಗಳೂರಿನ ದಾರಿ ಹಿಡಿಯುತ್ತವೆ. ಹೀಗಿದ್ದರೂ ಅವನ್ನು ನೆಟ್ಟು, ಕಳೆ ಕಿತ್ತು, ಕೊಯ್ದು ಕ್ರೇಟುಗಳಿಗೆ ತುಂಬಿದ ಕೂಲಿಹೆಂಗಸಿನ ಮನೆಯಲ್ಲಿ ಆ ರಾತ್ರಿ ಮುದ್ದೆಗೆ ಜೊತೆಯಾಗುವುದು ಹಲವು ವೇಳೆ ಹುಣಿಸೆಹುಳಿಯೂ ಮೆಣಸಿನಕಾಯಿಯೂ ಕೂಡಿದ ತಿಳಿಸಾರು ಮಾತ್ರವೇ. ಮಳೆಯಿಲ್ಲದ, ಬೆಳೆಯಿಲ್ಲದ ನಾಡಿನಲ್ಲಿ ತರಕಾರಿ ದೊರೆಯದಿದ್ದರೆ ಅದು ಪ್ರಕೃತಿಯ ಕೊರತೆ. ಬೆಳೆದ ಊರಿನಲ್ಲಿಯೇ ದೊರೆಯದಿದ್ದರೆ ಅದು ಮನುಷ್ಯರು ಮಾಡಿಕೊಂಡ ಏರ್ಪಾಡಿನ ಕೊರತೆ. ಮನುಷ್ಯರು ಮಾಡಿದ್ದನ್ನು ಮನುಷ್ಯರು ತಿದ್ದಬಹುದೆಂಬ ನಂಬಿಕೆಯಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೊರತೆಯು ಎಷ್ಟೆಂಬುದನ್ನು ಮೊದಲು ನೋಡೋಣ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷಗಳ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೂ ರಕ್ತಹೀನತೆ ಇತ್ತು. ಅದಕ್ಕೆ ಹಿಂದಿನ ಸಮೀಕ್ಷೆಯ ಅಂಕಿಗಳಿಗಿಂತ ಇವು ಹೆಚ್ಚಾಗಿದ್ದವೇ ಹೊರತು ಕಡಿಮೆಯಾಗಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಸೂಚನೆಗಳಲ್ಲಿ, ವಯಸ್ಕರೊಬ್ಬರ ದಿನದ ಆಹಾರದಲ್ಲಿ ಸೊಪ್ಪು ತರಕಾರಿಗಳು 400 ಗ್ರಾಂ, ಹಣ್ಣು 100 ಗ್ರಾಂ ಇರತಕ್ಕದ್ದೆಂದು ಹೇಳಿದೆ. ಐದು ಜನರ ಮನೆಗೆ ಇದು ದಿನಕ್ಕೆ ಎರಡು ಕಿಲೋಗ್ರಾಮಿನ ಹತ್ತಿರ ಹತ್ತಿರ ತರಕಾರಿಯಾಯಿತು. ಕೂಲಿಯಿಂದ ಜೀವಿಸುವ ಎಷ್ಟು ಮನೆಗಳು ಇದನ್ನು ಕೊಂಡಾವು ಎಂಬುದನ್ನು ಸಂತೆಯ ಬೆಲೆ ಬಲ್ಲವರು ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಸೊಪ್ಪಿಗೂ ರಕ್ತಕ್ಕೂ ಇರುವ ಸಂಬಂಧವನ್ನು ಲೋಕಕ್ಕೆ ತಿಳಿಯಪಡಿಸಿದವರಲ್ಲಿ ಒಬ್ಬ ಸ್ತ್ರೀಯು ಮುಖ್ಯಳಾಗಿದ್ದಳೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಅರಿತಿರಬೇಕು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು 1928ರಲ್ಲಿ ಮುಂಬಯಿಗೆ ಬಂದು, ಅಲ್ಲಿಯ ಬಡ ಗರ್ಭಿಣಿಯರನ್ನು ಕೊಲ್ಲುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣವನ್ನು ಹುಡುಕಿದಳು. ರೋಗಾಣುವಿಗಾಗಿ ಹುಡುಕಿ ಕಾಣದೆ, ಆ ಹೆಂಗಸರು ಏನು ತಿನ್ನುತ್ತಾರೆಂಬುದನ್ನೂ ಏನು ತಿನ್ನುವುದಿಲ್ಲವೆಂಬುದನ್ನೂ ವಿಚಾರಿಸಿದಳು. ಹಣ್ಣು, ಹಸಿ ತರಕಾರಿಗಳು ಕಡಿಮೆಯಾದವರಲ್ಲಿಯೇ ರೋಗವು ಹೆಚ್ಚಾಗಿತ್ತು. ಅಗ್ಗವಾದ ಈಸ್ಟ್ ಸಾರದಿಂದ ಅದು ಗುಣವಾಗುವುದೆಂದು ಆಕೆ 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ವಸ್ತುವನ್ನು 1941ರಲ್ಲಿ ಬೇರೆ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಇಂದು ಶಾಲೆಗಳಲ್ಲಿ ವಾರಕ್ಕೊಮ್ಮೆ ಹುಡುಗಿಯರಿಗೆ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣದೊಡನೆ ಇರುವುದು ಇದೇ. ಮಾತ್ರೆಯು ಬೇಡವೆಂದು ನಾವು ಹೇಳುವುದಿಲ್ಲ. ಈಗಿನ ಸ್ಥಿತಿಯಲ್ಲಿ ಅದು ಬೇಕೇ ಬೇಕು. ಆದರೆ ಊರ ಹೊಲದಲ್ಲಿ ಬೆಳೆಯುವ ಎಲೆಯ ಹೆಸರನ್ನು ಹೊತ್ತ ಔಷಧವನ್ನು ಆ ಊರಿನ ಹುಡುಗಿಯು ಡಬ್ಬಿಯಿಂದ ಮಾತ್ರವೇ ಪಡೆಯಬೇಕಾಗಿರುವುದು ಸಂತೋಷದ ಸಂಗತಿಯೇನೂ ಅಲ್ಲ.

ಇನ್ನು ಬೆಳೆದುದು ಊರಿನಲ್ಲಿ ಏಕೆ ನಿಲ್ಲುವುದಿಲ್ಲವೆಂಬುದನ್ನು ವಿಚಾರಿಸೋಣ. ಸಣ್ಣ ರೈತನು ಬೀಜಕ್ಕೂ ಗೊಬ್ಬರಕ್ಕೂ ಔಷಧಕ್ಕೂ ಹಲವು ವೇಳೆ ಮಂಡಿಯವರಿಂದಲೇ ಮುಂಗಡ ಪಡೆದಿರುತ್ತಾನೆ. ಸಾಲ ಕೊಟ್ಟವರಿಗೆ ಮಾಲು ಹಾಕದೆ ಅವನಿಗೆ ಬೇರೆ ದಾರಿಯಿಲ್ಲ. ಆದುದರಿಂದ ಕೊಯ್ದುದೆಲ್ಲವೂ ಒಟ್ಟಿಗೆ ಊರು ಬಿಡುತ್ತದೆ. ಮಂಡಿಯಲ್ಲಿ ಹರಾಜಾಗಿ, ಕಮಿಷನ್ನು, ಹಮಾಲಿ, ಸಾಗಣೆಗಳ ಭಾರ ಹೊತ್ತು, ಎರಡು ಮೂರು ಕೈ ದಾಟಿ, ಉಳಿದದ್ದರಲ್ಲಿ ಒಂದು ಭಾಗವು ಲಗೇಜ್ ಆಟೋ ಏರಿ ವಾರದ ಸಂತೆಗೋ ಹಳ್ಳಿಯ ಚಿಲ್ಲರೆ ಅಂಗಡಿಗೋ ಹಿಂದಿರುಗುತ್ತದೆ. ಹೀಗೆ ಹಿಂದಿರುಗಿದ ತರಕಾರಿಯು ಹೊಲದ ಬೆಲೆಗಿಂತ ಬಹಳ ಹೆಚ್ಚಾಗಿಯೂ, ಹೊಲದಲ್ಲಿದ್ದಾಗಿನದಕ್ಕಿಂತ ಬಹಳ ಬಾಡಿಯೂ ಇರುವುದು. ಟೊಮಾಟೋವಿಗೆ ಕೊಳ್ಳುವವನು ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಸೇರುವುದು ಸುಮಾರು 33 ಪೈಸೆ, ಈರುಳ್ಳಿಗೆ 36, ಆಲೂಗೆಡ್ಡೆಗೆ 37 ಎಂದು ಭಾರತೀಯ ರಿಸರ್ವ್ ಬ್ಯಾಂಕಿನವರು 2024ರಲ್ಲಿ ಹೊರಗೆಡವಿದ ಅಧ್ಯಯನವೊಂದು ಹೇಳುತ್ತದೆ. ಮಿಕ್ಕ ಮೂರರಲ್ಲಿ ಎರಡು ಪಾಲು ದಾರಿಯಲ್ಲಿಯೇ ಕರಗುವುದು. ಆ ದಾರಿಯ ಕಟ್ಟಕಡೆಯಲ್ಲಿ ನಿಂತು ಕೊಳ್ಳುವವಳು ನಮ್ಮ ಹಳ್ಳಿಯ ತಾಯಿ.

2023ರ ಜುಲೈ ತಿಂಗಳಲ್ಲಿ ಕೋಲಾರದಲ್ಲಿ 15 ಕಿಲೋ ಟೊಮಾಟೋವಿನ ಒಂದು ಕ್ರೇಟು ಎರಡು ಸಾವಿರ ರೂಪಾಯಿಗಳನ್ನು ಮೀರಿದುದು ಓದುಗರಿಗೆ ನೆನಪಿರಬಹುದು. ಬೆಲೆ ಬಿದ್ದ ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನು ಕೊಯ್ಯುವ ಕೂಲಿಯೂ ಹುಟ್ಟದೆ ರಸ್ತೆಯ ಬದಿಗೆ ಸುರಿದುದನ್ನೂ ನಾವೆಲ್ಲರೂ ಕಂಡಿದ್ದೇವೆ. ಬೆಲೆ ಏರಿದಾಗ ಬಡವಳು ಕೊಳ್ಳಲಾರಳು. ಬೆಲೆ ಬಿದ್ದಾಗ ರೈತನು ಉಳಿಯಲಾರನು. ಪಡಿತರದ ಅಂಗಡಿಯಾದರೋ ಧಾನ್ಯವನ್ನು ಕೊಡುವುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅಕ್ಕಿ, ಗೋಧಿ, ಒರಟು ಧಾನ್ಯಗಳನ್ನು ಹಕ್ಕಾಗಿ ಮಾಡಿತು. ಅದರಿಂದ ಹೊಟ್ಟೆಯ ಹಸಿವು ಎಷ್ಟೋ ಮನೆಗಳಲ್ಲಿ ತಗ್ಗಿದೆ. ಆದರೆ ಎರಡೇ ದಿನಕ್ಕೆ ಬಾಡುವ ಸೊಪ್ಪನ್ನು ಗೋದಾಮಿನಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ಹಂಚಲಾಗದು. ತಾಜಾ ಆಹಾರಕ್ಕೆ ಬೇರೆಯೇ ಒಂದು ಏರ್ಪಾಡು ಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಹಿಂದಿನವರು ಹೇಗೆ ಬಾಳಿದರೆಂದು ಕೇಳಿದರೆ, ಅವರಿಗೆ ಹೊಲವೇ ಸೊಪ್ಪಿನ ಅಂಗಡಿಯಾಗಿತ್ತೆಂದು ಉತ್ತರ ಕೊಡಬೇಕಾಗುವುದು. ರಾಗಿಯ ಹೊಲದಲ್ಲಿ ಕಳೆ ಕೀಳಲು ಹೋದ ಹೆಂಗಸು ಸಂಜೆಗೆ ಮಡಿಲು ತುಂಬ ಬೆರಕೆ ಸೊಪ್ಪನ್ನು ತರುತ್ತಿದ್ದಳು. ಅಣ್ಣೆ, ಹೊನಗೊನೆ, ಕೀರೆ, ಗಣಿಕೆ, ಗೋಣಿ ಎಂದು ಒಂದೊಂದರ ಹೆಸರೂ ಗುಣವೂ ಅವಳಿಗೆ ಗೊತ್ತಿದ್ದವು. ಆ ಸೊಪ್ಪಿನ ಬಸ್ಸಾರು, ಮಸ್ಸೊಪ್ಪುಗಳಿಗೆ ಕಾಸಿನ ಖರ್ಚಿರಲಿಲ್ಲ. ಈಗ ಕಳೆನಾಶಕವು ಅವನ್ನೆಲ್ಲ ಒಂದೇ ಸಿಂಪಡಿಕೆಯಲ್ಲಿ ಸುಟ್ಟುಬಿಡುವುದು. ಸಿಂಪಡಿಸದೆ ಉಳಿದ ಬದುವಿನ ಸೊಪ್ಪನ್ನೂ ಗುರುತು ಹಿಡಿದು ಕೀಳಬಲ್ಲ ಹುಡುಗಿಯರು ಕಡಿಮೆಯಾಗುತ್ತಿದ್ದಾರೆ. ನಮ್ಮ ಬೀದರಿಗೆ ನೆರೆಯಾದ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಸಂಘ ಕಟ್ಟಿಕೊಂಡ ದಲಿತ ಸ್ತ್ರೀಯರು, ಬಿತ್ತದೆ ಬೆಳೆಯುವ ಇಂಥ ಸೊಪ್ಪುಗಳನ್ನು ಬಡವರ ಆಹಾರವೆಂದು ಗುರುತಿಸಿ, ತಮ್ಮ ಕಲಬೆಳೆಯ ಹೊಲಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ದೊರೆಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಆ ಹೆಂಗಸರು ಸುಳ್ಳು ಮಾಡಿದ್ದಾರೆಂದು ಹೇಳಬಹುದು.

ಇಷ್ಟನ್ನು ಕೇಳಿದವರು ಸಾಮಾನ್ಯವಾಗಿ ಕೊಡುವ ಬುದ್ಧಿವಾದವೊಂದುಂಟು: ಪ್ರತಿಯೊಬ್ಬರೂ ಮನೆಯ ಹಿಂದೆ ಕೈತೋಟ ಮಾಡಿಕೊಳ್ಳಲಿ ಎಂಬುದು. ಇದು ಒಳ್ಳೆಯ ಮಾತೇ. ಹಿತ್ತಲಿರುವವರು ಒಂದು ನುಗ್ಗೆ, ಒಂದು ಪರಂಗಿ, ಒಂದು ಕರಿಬೇವು ನೆಟ್ಟು, ಬಚ್ಚಲ ನೀರಿಗೆ ನಾಲ್ಕು ಬಾಳೆ ಹಾಕಿ, ಎರಡು ಮಡಿ ದಂಟು ಚೆಲ್ಲದೆ ಇರುವುದು ನಿಜವಾಗಿಯೂ ಸೋಮಾರಿತನ. ಆದರೆ ಹಿತ್ತಲೇ ಇಲ್ಲದವರಿಗೆ ಈ ಬುದ್ಧಿವಾದದಿಂದ ಏನು ಪ್ರಯೋಜನ? ಊರ ಹೊರಗಿನ ಕೇರಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ವಾಸಿಸುತ್ತ, ನಲ್ಲಿಯಲ್ಲಿ ನೀರು ಬರುವ ಹೊತ್ತನ್ನೇ ಕಾದು ಕೊಡ ತುಂಬಿಕೊಳ್ಳುವವರಿಗೆ, ತೋಟ ಮಾಡಿರೆಂದು ಹೇಳುವುದು ಅವರ ಬಡತನವನ್ನು ಅವರ ತಪ್ಪೆಂದು ಹೇಳಿದಂತಾಗುವುದು. ರಕ್ತಹೀನತೆಯಿಂದ ಹೆಚ್ಚು ನರಳುವವರು ಇವರೇ. ಆದಕಾರಣ ಕೈತೋಟಕ್ಕಿಂತ ಮುಂದಿನದೊಂದು ಉಪಾಯವನ್ನು ನಾವು ಯೋಚಿಸಬೇಕಾಗಿದೆ.

ನಮ್ಮ ಅಭಿಪ್ರಾಯವು ಇಷ್ಟೇ: ಊರಿನಲ್ಲಿ ಬೆಳೆದುದರಲ್ಲಿ ಒಂದು ಸಣ್ಣ ಮೊದಲ ಪಾಲು, ಮಂಡಿಯನ್ನು ನೋಡದೆ, ಊರಿನಲ್ಲಿಯೇ ಮಾರಾಟವಾಗಬೇಕು, ಆ ಪಾಲಿಗೆ ಮೊದಲ ಗಿರಾಕಿಯು ಊರ ಶಾಲೆಯ ಅಡಿಗೆಮನೆಯಾಗಬೇಕು.

ಇದು ಹೇಗೆ ಸಾಧ್ಯವೆಂಬುದನ್ನು ಲೆಕ್ಕದಿಂದ ತೋರಿಸುವೆವು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟವು ಈಗ ಎಲ್ಲ ಜಿಲ್ಲೆಗಳಲ್ಲಿಯೂ ನಡೆಯುತ್ತಿದೆ. ಅದರ ನಿಯಮದಂತೆ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟನೆಯ ತರಗತಿಯ ಮಗುವಿಗೆ 75 ಗ್ರಾಂ ತರಕಾರಿ ಹಾಕತಕ್ಕದ್ದು. ಸಣ್ಣವರು 60 ಮಂದಿ, ದೊಡ್ಡವರು 40 ಮಂದಿ ಇರುವ ಸಾಧಾರಣ ಹಳ್ಳಿಯ ಶಾಲೆಗೆ ದಿನಕ್ಕೆ ಆರು ಕಿಲೋ, ಆರು ದಿನದ ವಾರಕ್ಕೆ 36 ಕಿಲೋ ತರಕಾರಿ ಬೇಕಾಯಿತು. ಇದು ಕಡಿಮೆ ಗಿರಾಕಿಯಲ್ಲ. ಮಂಡಿಯ ಬೆಲೆ ಹೇಗೇ ಕುಣಿಯಲಿ, ಮಕ್ಕಳು ನಾಳೆಯೂ ಉಣ್ಣುವರು, ನಾಡಿದ್ದೂ ಉಣ್ಣುವರು. ಇಂಥ ತಪ್ಪದ ಗಿರಾಕಿಯೊಂದು ಊರಿನಲ್ಲಿಯೇ ಇರುವಾಗ, ಆ ತರಕಾರಿಯನ್ನು ಪೇಟೆಯ ಅಂಗಡಿಯಿಂದ ಚೀಲದಲ್ಲಿ ತರಿಸುವುದು ಏತಕ್ಕೆ? ಊರಿನ ಇಬ್ಬರು ಮೂವರು ಸಣ್ಣ ಬೆಳೆಗಾರರೋ ಸ್ವಸಹಾಯ ಸಂಘದ ಹೆಂಗಸರೋ ಸರದಿಯಲ್ಲಿ ಒದಗಿಸಲಿ. ಆರು ಕಿಲೋ ಬೇಕಾದೆಡೆಗೆ ಹತ್ತು ಕಿಲೋ ತಂದವಳು ಉಳಿದ ನಾಲ್ಕನ್ನು ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿಯೇ ತಾಯಂದಿರಿಗೆ ಮಾರಲಿ. ಬಂದು ಹೋಗುವ ಶ್ರಮಕ್ಕೆ ಶಾಲೆಯ ಕೊಳ್ಳುವಿಕೆಯಿಂದಲೇ ಪ್ರತಿಫಲ ಸಿಕ್ಕಿರುವುದರಿಂದ, ಉಳಿದುದನ್ನು ಸಂತೆಗಿಂತ ಕಡಿಮೆಗೆ ಕೊಟ್ಟರೂ ಅವಳಿಗೆ ನಷ್ಟವಿಲ್ಲ. ಬೆಳೆದವಳಿಗೆ ಮಂಡಿಗಿಂತ ಒಂದಿಷ್ಟು ಹೆಚ್ಚು, ಕೊಳ್ಳುವವಳಿಗೆ ಸಂತೆಗಿಂತ ಒಂದಿಷ್ಟು ಕಡಿಮೆ. ನಡುವೆ ಉಳಿಯುವುದು ದಾರಿಯ ಖರ್ಚು.

ಇದು ಬರಿಯ ಕನಸಲ್ಲವೆಂಬುದಕ್ಕೆ ದೃಷ್ಟಾಂತಗಳಿವೆ. ಬ್ರೆಜಿಲ್ ದೇಶವು 2009ರಲ್ಲಿ ಒಂದು ಕಾನೂನು ಮಾಡಿ, ಶಾಲೆಯ ಊಟಕ್ಕೆಂದು ಕೇಂದ್ರ ಸರಕಾರವು ಕೊಡುವ ಹಣದಲ್ಲಿ ನೂರಕ್ಕೆ ಕನಿಷ್ಠ 30 ಪಾಲನ್ನು ಸಣ್ಣ ಕುಟುಂಬ ರೈತರಿಂದ ನೇರವಾಗಿ ಕೊಳ್ಳಲು ಉಪಯೋಗಿಸಬೇಕೆಂದು ವಿಧಿಸಿತು. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಸ್ತ್ರೀಯರು ಗುಂಪು ಕೂಡಿ, ಭೂಮಿಯನ್ನು ಗೇಣಿಗೆ ಹಿಡಿದು, ತರಕಾರಿ ಬೆಳೆಯುತ್ತಿದ್ದಾರೆ. ಸ್ವಂತ ಭೂಮಿಯಿಲ್ಲದವರಿಗೂ ಅಲ್ಲಿ ದಾರಿ ತೆರೆದಿದೆ. ನಮ್ಮ ನಾಡಿನಲ್ಲಿಯೇ ತೋಟಗಾರಿಕೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಮರಿಗೌಡರ ಪ್ರಯತ್ನದಿಂದ 1959ರಲ್ಲಿ ಹುಟ್ಟಿದ ಸಹಕಾರ ಸಂಘವು ಮುಂದೆ ಹಾಪ್‌ಕಾಮ್ಸ್ ಎಂಬ ಹೆಸರಿನಿಂದ, ದಲ್ಲಾಳಿಯಿಲ್ಲದೆಯೂ ಹಣ್ಣು ತರಕಾರಿಗಳನ್ನು ಮಾರಬಹುದೆಂದು ತೋರಿಸಿತು. ಆದರೆ ಅದರ ಮಳಿಗೆಗಳು ನಿಂತದ್ದು ಬಹುಮಟ್ಟಿಗೆ ನಗರಗಳಲ್ಲಿ. ನಗರದವರಿಗೆ ಇಂಥ ಸೌಕರ್ಯವು ಅರುವತ್ತು ವರ್ಷಗಳ ಹಿಂದೆಯೇ ಬೇಕೆಂದು ತೋರಿದ ಮೇಲೆ, ಹಳ್ಳಿಯವರಿಗೆ ಈಗಲಾದರೂ ಬೇಡವೇ?

ನಮ್ಮ ಶಾಲೆಯ ವಸತಿಗೃಹದ ಸೊಪ್ಪನ್ನು ಕೆಲವು ವರ್ಷಗಳಿಂದ ಸುತ್ತಣ ಹಳ್ಳಿಗಳ ಹೆಂಗಸರಿಂದಲೇ ಕೊಳ್ಳುತ್ತಿದ್ದೇವೆ. ಅದರಿಂದ ತಿಳಿದ ಮೂರು ಸಂಗತಿಗಳನ್ನು ಇಂಥ ಕೆಲಸಕ್ಕೆ ಕೈಹಾಕುವವರ ಉಪಯೋಗಕ್ಕಾಗಿ ಹೇಳುವೆವು. ಮೊದಲನೆಯದು, ಹಣವನ್ನು ಅಂದಿನದು ಅಂದೇ ಕೊಡಬೇಕು. ಮಂಡಿಯವರು ಸಾಲ ಕೊಡಬಲ್ಲರು. ನಾವು ತಿಂಗಳ ಕೊನೆಯೆಂದರೆ ಹೆಂಗಸರು ಬರಲಾರರು. ಎರಡನೆಯದು, ಯಾವ ದಿನ ಯಾವ ಸೊಪ್ಪು ಎಷ್ಟು ಬೇಕೆಂಬುದನ್ನು ಬಿತ್ತನೆಗೆ ಮೊದಲೇ ತಿಳಿಸಬೇಕು. ದಂಟು, ಮೆಂತ್ಯಗಳು ಒಂದು ತಿಂಗಳೊಳಗೆ ಕೊಯ್ಲಿಗೆ ಬರುವುವಾದುದರಿಂದ, ತಿಂಗಳ ಮುಂಚಿತವಾಗಿ ಪಟ್ಟಿ ಕೊಟ್ಟರೆ ಅವರು ಮಡಿಗಳನ್ನು ವಾರ ವಾರಕ್ಕೆ ಹಿಂದುಮುಂದಾಗಿ ಚೆಲ್ಲಿಕೊಳ್ಳುವರು. ಮೂರನೆಯದು, ತಕ್ಕಡಿಯು ಅವರ ಕಣ್ಣೆದುರಿಗೇ ಇರಬೇಕು. ಹಾಲಿನ ಡೈರಿಯು ಹಳ್ಳಿ ಹಳ್ಳಿಯಲ್ಲಿ ಬೇರೂರಿದುದು, ತಂದ ಹಾಲನ್ನು ತಂದವಳ ಎದುರಿಗೇ ಅಳೆದು ಪರೀಕ್ಷಿಸುವ ಕ್ರಮದಿಂದ. ಕಟ್ಟಿನ ಲೆಕ್ಕದಲ್ಲಿ ಕೊಂಡರೆ ಕಟ್ಟು ಸಣ್ಣದಾಗುತ್ತ ಹೋಗುವುದು; ತೂಕದ ಲೆಕ್ಕದಲ್ಲಿ ಇಬ್ಬರಿಗೂ ಮಾತಿಲ್ಲ.

ಆಕ್ಷೇಪಣೆಗಳೂ ಇಲ್ಲದಿಲ್ಲ. ಪೇಟೆಯಲ್ಲಿ ಬೆಲೆ ಏರಿದ ದಿನ ಊರಿಗೆ ಕಡಿಮೆಗೆ ಕೊಡು ಎಂದರೆ ರೈತನು ಒಪ್ಪುವನೇ ಎಂದು ಕೆಲವರು ಕೇಳುವರು. ಎಲ್ಲ ಬೆಳೆಯನ್ನೂ ನಾವು ಕೇಳುವುದಿಲ್ಲ. ಸಾಲದ ಮೇಲಿನ ಟೊಮಾಟೋ ಮಂಡಿಗೇ ಹೋಗಲಿ. ಸಾಲವಿಲ್ಲದ ಬದುವಿನ ಸೊಪ್ಪು, ಕಾಲುವೆಯಂಚಿನ ಬದನೆ, ಬೇಲಿಯ ಮೇಲಿನ ಹೀರೆ, ಅವರೆಗಳು ಊರಿಗೆ ಸಾಕು. ಬೆಲೆ ಬಿದ್ದ ದಿನಗಳಲ್ಲಿ ಅವನನ್ನು ಕಾಪಾಡುವುದು ಇದೇ ಸ್ಥಿರವಾದ ಸಣ್ಣ ಬೆಲೆಯೆಂಬುದನ್ನು ಅವನು ಬೇಗನೆ ಕಂಡುಕೊಳ್ಳುವನು. ಇದೆಲ್ಲ ಸರಕಾರದ ಕೆಲಸವೆಂದು ಇನ್ನು ಕೆಲವರು ಹೇಳುವರು. ಹಣವು ಹೊತ್ತಿಗೆ ಸರಿಯಾಗಿ ಬರುವಂತೆ ಮಾಡುವುದೂ, ಕೇರಿಯ ಹೆಂಗಸರಿಗೆ ನೀರುಳ್ಳ ಸಾರ್ವಜನಿಕ ಭೂಮಿಯಲ್ಲಿ ಒಂದು ತುಂಡನ್ನು ಗೇಣಿಗೆ ಕೊಡುವುದೂ ನಿಶ್ಚಯವಾಗಿ ಸರಕಾರದ ಮತ್ತು ಪಂಚಾಯತಿಯ ಕೆಲಸವೇ. ಅದನ್ನು ಕೇಳುವುದರಲ್ಲಿ ನಾವು ಸಂಕೋಚಪಡಬಾರದು. ಆದರೆ ಯಾರ ಬದನೆಕಾಯಿ ಚೆನ್ನಾಗಿದೆ, ಯಾರ ಮನೆಯಲ್ಲಿ ಎರಡು ದಿನಗಳಿಂದ ಸಾರಿಗೆ ಏನೂ ಇಲ್ಲವೆಂಬುದನ್ನು ರಾಜಧಾನಿಯ ಕಚೇರಿಯು ಅರಿಯದು, ನೆರೆಯವಳು ಅರಿಯುವಳು. ಹುಡುಗಿಯರನ್ನು ಓದಲು ಕಳುಹಿಸಿದ್ದೇವೆಯೇ ಹೊರತು ಮಣ್ಣು ಅಗೆಯಲು ಅಲ್ಲವೆಂಬ ಮಾತನ್ನೂ ಹೆತ್ತವರಿಂದ ಕೇಳಿದ್ದೇವೆ. ಅದು ನ್ಯಾಯವಾದ ಮಾತು. ನಮ್ಮ ಯೋಜನೆಯಲ್ಲಿ ಮಕ್ಕಳು ಬೆಳೆಗಾರರಲ್ಲ, ಕಲಿಯುವವರು. ಹತ್ತು ಸೊಪ್ಪುಗಳನ್ನು ಗುರುತಿಸುವುದು, ತೊಳೆದು ಆಮೇಲೆ ಹೆಚ್ಚುವುದು, ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವುದು, ಸೊಪ್ಪಿನ ಮೇಲೆ ನಿಂಬೆ ಹಿಂಡಿದರೆ ಅದರೊಳಗಿನ ಕಬ್ಬಿಣವು ಮೈಗೆ ಹೆಚ್ಚಾಗಿ ಹತ್ತುವುದೆಂದೂ ಊಟದೊಡನೆ ಕುಡಿದ ಚಹವು ಅದನ್ನು ತಡೆಯುವುದೆಂದೂ ತಿಳಿಯುವುದು, ಇವು ವಿಜ್ಞಾನದ ಪಾಠಗಳೇ ಆಗಿವೆ.

ಇನ್ನು ನಮ್ಮ ಬಿನ್ನಹ. ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿದ್ದೀರಿ; ನಿಮ್ಮ ಶಾಲೆಯ ತರಕಾರಿಯು ಯಾವ ಅಂಗಡಿಯಿಂದ ಬರುತ್ತಿದೆಯೆಂದು ಈ ವಾರವೇ ವಿಚಾರಿಸಿರಿ. ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಅಲ್ಲಿ ಕುಳಿತಿರುವವರು ಭೂಮಿಯ ಗೇಣಿಯ ಮಾತನ್ನು ಎತ್ತಿರಿ. ರೈತರ ಮನೆಗಳನ್ನು ಸೇರಿದವರು, ಕೊಯ್ಲಿನ ದಿನ ಮಂಡಿಯ ಗಾಡಿ ಹೊರಡುವ ಮುಂಚೆ ಒಂದು ಬುಟ್ಟಿಯನ್ನು ಊರಿಗೆಂದು ಎತ್ತಿಡಿಸಿರಿ. ಕೊಯ್ದ ಕೂಲಿಯವಳಿಗೆ ಒಂದು ಹಿಡಿ ಸೊಪ್ಪು ಕಳುಹಿಸುವ ಹಿಂದಿನ ವಾಡಿಕೆಯನ್ನು ಮತ್ತೆ ನಡೆಯಿಸಿರಿ. ಪಟ್ಟಣಗಳಲ್ಲಿರುವವರು, ನಿಮ್ಮ ಊರಿನ ಸಂಘದ ಹೆಂಗಸರಿಗೆ ಒಂದು ತಕ್ಕಡಿಯನ್ನೂ ಮೊದಲ ತಿಂಗಳ ಕೈಹಣವನ್ನೂ ಒದಗಿಸಿದರೆ ಅದು ಸಾರ್ಥಕವಾದ ದಾನವಾಗುವುದು. ಹೆತ್ತವರೇ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ನಿಮಗೆ ಸ್ಥಾನವಿದೆ. ಮಕ್ಕಳ ಅಂಕಪಟ್ಟಿಯನ್ನು ಕೇಳುವಂತೆಯೇ ಅವರ ಸಾರಿನಲ್ಲಿ ಏನಿತ್ತೆಂದೂ ಕೇಳಿರಿ. ಮನೆಯಲ್ಲಿ ಊಟ ಬಡಿಸುವಾಗ ಪಲ್ಯವು ಗಂಡಸರಿಗೂ ಹುಡುಗರಿಗೂ ಆಗಿ, ಪಾತ್ರೆಯ ತಳದ ರಸವು ಹುಡುಗಿಗೆ ಉಳಿಯುವ ಪದ್ಧತಿಯಿದ್ದರೆ ಅದನ್ನು ಇಂದೇ ನಿಲ್ಲಿಸಿರಿ. ಊರಿಗೆ ತರಕಾರಿ ಬಂದರೂ ಅವಳ ತಟ್ಟೆಗೆ ಬಾರದಿದ್ದರೆ ನಮ್ಮ ಪ್ರಯತ್ನವೆಲ್ಲವೂ ವ್ಯರ್ಥ.

ದೊಡ್ಡ ಮಾರುಕಟ್ಟೆಗಳನ್ನು ನಾವು ಬದಲಾಯಿಸಲಾರೆವು. ಆದರೆ ಹೊಲಕ್ಕೂ ಶಾಲೆಗೂ ನಡುವೆ ಇರುವ ಅರ್ಧ ಮೈಲಿಯ ದಾರಿಯು ನಮ್ಮ ಕೈಯಲ್ಲಿದೆ. ದಿನಕ್ಕೆ ಆರು ಕಿಲೋ ತರಕಾರಿಯು ಆ ದಾರಿಯಲ್ಲಿ ನೇರವಾಗಿ ನಡೆಯುವಂತೆ ಒಂದೊಂದು ಊರಿನಲ್ಲಿ ಒಬ್ಬೊಬ್ಬ ಹಳೆಯ ವಿದ್ಯಾರ್ಥಿನಿಯು ಮನಸ್ಸು ಮಾಡಿದರೆ ಸಾಕು. ಮುಂದಿನ ಸಂಚಿಕೆಗೆ ನಿಮ್ಮ ಊರಿನಲ್ಲಿ ಏನು ನಡೆಯಿತೆಂಬುದನ್ನು ಬರೆದು ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇವೆ. ಅದನ್ನು ಪರೀಕ್ಷೆಯ ಫಲಿತಾಂಶಗಳ ಪಕ್ಕದಲ್ಲಿಯೇ ಅಚ್ಚು ಹಾಕಿಸುವೆವು.